ಸಣ್ಣ ಅಲೆನ್ ಬಿಟ್ ಸಾಕೆಟ್‌ಗಳು: ಸೆಟ್ಟು ಕೊಳ್ಳಲೇ, ಬಿಡಿಯಾಗಿ ಕೊಳ್ಳಲೇ?

ಶೆಡ್ಡಿನ ಮೇಷ್ಟರು, ತಿಪಟೂರು

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಕೊಬ್ಬರಿ ಶೆಡ್ಡಿನ ಅರ್ಧ ಭಾಗವನ್ನು ಹೋದ ವರ್ಷ ಕಾರ್ಯಾಗಾರ ಮಾಡಿಕೊಂಡಿದ್ದೇನೆ. ಒಂದು ಹಳೆಯ ಬೆಂಚ್ ವೈಸ್, ಡ್ರಿಲ್ ಸ್ಟ್ಯಾಂಡ್, ಅರ್ಧ ಇಂಚಿನ ಸಾಕೆಟ್ ಸೆಟ್ಟು, ಒಂದಿಷ್ಟು ಪಾನಾ. ಕೆಲಸವೆಂದರೆ ಎರಡು ಸೈಕಲ್, ಮಗಳ ತ್ರೀಡಿ ಪ್ರಿಂಟರ್, ಮನೆಯವಳ ಹೊಲಿಗೆ ಯಂತ್ರ, ಆಗಾಗ ನಲ್ಲಿಯ ಹಿಡಿಕೆ, ಬಾಗಿಲಿನ ಹಿಡಿಕೆ.

ಮೊನ್ನೆ ಭಾನುವಾರ ಸೈಕಲ್ಲಿನ ಸೀಟು ಏರಿಸಲು ಹೋದೆ. ಕ್ಲಾಂಪಿನ ಅಲೆನ್ ಬೋಲ್ಟ್, ಅಂದರೆ ತಲೆಯಲ್ಲಿ ಆರು ಮೂಲೆಯ ತೂತಿರುವುದು, ಬಿಗಿಯಾಗಿತ್ತು. ಆನ್‌ಲೈನಿನಲ್ಲಿ ತರಿಸಿದ 32 ತುಂಡಿನ ಸೆಟ್ಟಿನಿಂದ 4 ಮಿ.ಮೀ. ಬಿಟ್ ತೆಗೆದು, ಅಡಾಪ್ಟರ್ ಹಾಕಿ, ಅರ್ಧ ಇಂಚಿನ ರ‍್ಯಾಚೆಟ್‌ಗೆ ಸಿಕ್ಕಿಸಿ ತಿರುಗಿಸಿದೆ. ಏನೋ ಸಡಿಲವಾದ ಹಾಗಾಯಿತು. ಬಿಟ್ಟಿತು ಎಂದು ಸಂತೋಷಪಟ್ಟೆ. ತೆಗೆದು ನೋಡಿದರೆ ಬೋಲ್ಟ್ ಅಲ್ಲಾಡಿಯೇ ಇರಲಿಲ್ಲ. ಬಿಟ್ಟಿನ ತುದಿ ಜಿಲೇಬಿಯ ಹಾಗೆ ತಿರುಚಿತ್ತು, ಬೋಲ್ಟಿನ ತೂತು ಉರುಟಾಗಿತ್ತು.

ಈಗ ಒಳ್ಳೆಯದನ್ನೇ ಕೊಳ್ಳಬೇಕೆಂದಿದ್ದೇನೆ. ಹಿಡಿಕೆಗೆ ಸಿಕ್ಕಿಸುವ ಕಡೆ ಕಾಲಿಂಚಿನ ಚೌಕದ್ದೋ, ಮುಕ್ಕಾಲು ಅರ್ಧದ್ದೋ? ಸೆಟ್ಟೋ, ಬಿಡಿಯೋ? ತುದಿ ಉಂಡೆಯಾಗಿರುವುದೂ ಇದೆಯಂತೆ, ಅದು ಬೇಕೇ? ಒಂದೇ ಉಕ್ಕಿನ ತುಂಡಿನಿಂದ ಮಾಡಿದ್ದು ಗಟ್ಟಿಯೋ, ಸಾಕೆಟ್ಟಿಗೆ ಬಿಟ್ ಒತ್ತಿ ಕೂರಿಸಿದ್ದೋ? ಬಲ್ಲವರು ಹೇಳಬೇಕು.


ಹಳೆಯ ಫಿಟ್ಟರ್, ಬೆಳಗಾವಿ

ಮೇಷ್ಟರೇ, ತಪ್ಪು ಬಿಟ್ಟಿನದು ಅರ್ಧ, ನಿಮ್ಮ ರ‍್ಯಾಚೆಟ್ಟಿನದು ಅರ್ಧ. ಮೊದಲು ನಿಮ್ಮದನ್ನು ಹೇಳುತ್ತೇನೆ, ಬೇಸರ ಬೇಡ. ಉದ್ಯಮಬಾಗದಲ್ಲಿ ಮೂವತ್ತು ವರ್ಷ ಹೊಸ ಹುಡುಗರಿಗೆ ಇದನ್ನೇ ಹೇಳಿಕೊಂಡು ಬಂದವನು ನಾನು.

ಅರ್ಧ ಇಂಚಿನ ರ‍್ಯಾಚೆಟ್ಟಿನ ಹಿಡಿಕೆ ಸುಮಾರು 25 ಸೆಂ.ಮೀ. ಇರುತ್ತದೆ. ತುದಿಯಲ್ಲಿ ಹತ್ತು ಕಿಲೋ ಭಾರದಷ್ಟು ಒತ್ತಿದರೆ, ಅದು ಮಗುವೂ ಒತ್ತುವ ಒತ್ತಡ, ಬಿಟ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 25 ನ್ಯೂಟನ್ ಮೀಟರ್. ಅಲೆನ್ ಕೀಗಳಿಗೆ ಐಎಸ್ಒ 2936 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರ 4 ಮಿ.ಮೀ. ಕೀ ತಡೆದುಕೊಳ್ಳಬೇಕಾದ ಪರೀಕ್ಷಾ ಬಲ 16 ನ್ಯೂಟನ್ ಮೀಟರ್. 3 ಮಿ.ಮೀ.ಗೆ 6.6. 6 ಮಿ.ಮೀ.ಗೆ 52. ಅಂದರೆ ಮಾನಕಕ್ಕೆ ತಕ್ಕಂತೆ ಮಾಡಿದ ಒಳ್ಳೆಯ 4ರ ಕೀಯೂ ನಿಮ್ಮ ಕೈಯಲ್ಲಿ ಅಪಾಯದಲ್ಲೇ ಇತ್ತು.

ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. 3ರಿಂದ 6ಕ್ಕೆ ಹೋದರೆ ಗಾತ್ರ ಎರಡರಷ್ಟು, ಬಲ ಸುಮಾರು ಎಂಟರಷ್ಟು. ಘನದ ಲೆಕ್ಕ, ನಿಮಗೆ ಗಣಿತ ಹೇಳುವ ಸ್ಥಿತಿ ನನ್ನದಲ್ಲ. ಸಣ್ಣ ಬಿಟ್ಟುಗಳಲ್ಲಿ ಅರ್ಧ ಮಿಲಿಮೀಟರ್ ಇಳಿದರೂ ಶಕ್ತಿ ದಡದಡ ಇಳಿಯುತ್ತದೆ. ಆದ್ದರಿಂದ 6ರವರೆಗೆ ಕಾಲಿಂಚಿನ ಚೌಕ, ಗೇಣುದ್ದ ಮೀರದ ರ‍್ಯಾಚೆಟ್. ಆ ಹಿಡಿಕೆ ಚಿಕ್ಕದಾಗಿರುವುದೇ ಅದರ ಗುಣ.

ವರ್ನಿಯರ್ (ಸೂಕ್ಷ್ಮ ಅಳತೆಯ ಕ್ಯಾಲಿಪರ್) ಇದ್ದರೆ ಆ ಸೆಟ್ಟಿನ ತಿರುಚದೆ ಉಳಿದ ಬಿಟ್ಟುಗಳನ್ನು ಅಳೆದು ಇಲ್ಲಿ ಹಾಕಿ.


ಎರಡು ನೂಲು, ಸಾಗರ

ಕೊಳ್ಳುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ ಮೇಷ್ಟರೇ, ನಾನು ಇದರಲ್ಲಿ ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ. ಅಂಗಡಿಯವನಿಗೆ "ಕಾಲಿಂಚು" ಎಂದರೆ ಎರಡು ಬೇರೆ ವಸ್ತುಗಳು ಬರುತ್ತವೆ. ಒಂದು, ಹಿಂಬದಿಯಲ್ಲಿ ಚೌಕದ ತೂತಿರುವ ಸಾಕೆಟ್. ರ‍್ಯಾಚೆಟ್ಟಿನ ಮೇಲೆ ಕೂರುತ್ತದೆ. ಇನ್ನೊಂದು, ಆರು ಮೂಲೆಯ ಬಾಲವಿರುವ ಬಿಟ್. ಬ್ಯಾಟರಿ ಡ್ರಿಲ್ಲಿಗೆ, ಸ್ಕ್ರೂಡ್ರೈವರ್ ಹಿಡಿಕೆಗೆ ಹೋಗುತ್ತದೆ. ಎರಡರ ಅಡ್ಡಳತೆಯೂ ಎರಡು ನೂಲು, ಅಂದರೆ 6.3 ಮಿ.ಮೀ. ಆಸುಪಾಸು. ಒಂದು ಇನ್ನೊಂದಕ್ಕೆ ಹೋಗುವುದಿಲ್ಲ. ಆನ್‌ಲೈನಿನಲ್ಲಿ ಚಿತ್ರದ ಹಿಂಭಾಗ ತೋರಿಸದ ಮಾರಾಟಗಾರರಿಂದ ಕೊಳ್ಳಬೇಡಿ.

ಇನ್ನೊಂದು, "ಮುಕ್ಕಾಲು ಅರ್ಧ" ಎಂದು ನೀವು ಬರೆದದ್ದು ಮೂರು ನೂಲಿನದೇ ತಾನೇ? ನಮ್ಮ ಆಚಾರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಮೂರು ನೂಲು ಎಂದರೆ ಅಂಗಡಿಯಲ್ಲಿ ತಪ್ಪಾಗುವುದಿಲ್ಲ.


ಶೆಡ್ಡಿನ ಮೇಷ್ಟರು, ತಿಪಟೂರು

ಹೌದು, ಮೂರು ನೂಲೇ. ಅರ್ಧದ ಮುಕ್ಕಾಲು ಎಂದು ಲೆಕ್ಕ ಮಾಡಿ ಬರೆದೆ, ವೃತ್ತಿದೋಷ.

ಫಿಟ್ಟರ್ ಅಣ್ಣನವರೇ, ಅಳೆದೆ. 3ರದು 2.91. 5ರದು 4.88. 6ರದು 5.90. ಇದು ಎಷ್ಟು ಕೆಟ್ಟದ್ದು?


ಹಳೆಯ ಫಿಟ್ಟರ್, ಬೆಳಗಾವಿ

ಎಸೆಯಿರಿ. ಅಥವಾ ನೆಂಟರ ಮಕ್ಕಳಿಗೆ ಆಡಲು ಕೊಡಿ.

ಮಾನಕದ ಪ್ರಕಾರ 3ರ ಕೀ 2.96ಕ್ಕಿಂತ ಕಡಿಮೆ ಇರಬಾರದು. 4ರದು 3.95, 5ರದು 4.95, 6ರದು 5.95. ಮೇಲೆ ಹೆಸರಿನ ಅಳತೆಯನ್ನು ದಾಟಬಾರದು. ಬೋಲ್ಟಿನ ತೂತು ಇದಕ್ಕಿಂತ ಕೂದಲೆಳೆ ದೊಡ್ಡದು: 4ರ ತೂತು 4.02ರಿಂದ ಶುರು, 5ರದು 5.02ರಿಂದ. ಒಳ್ಳೆಯ ಬಿಟ್ ಒಳ್ಳೆಯ ಬೋಲ್ಟಿನಲ್ಲಿ ಕೂತಾಗ ಆಟ, ಅಂದರೆ ಅಲ್ಲಾಡುವ ಸಡಿಲ, ಇರುವುದೇ ಇಲ್ಲ ಎನ್ನಬೇಕು. ಆಟ ಹೆಚ್ಚಿದರೆ ಬಿಟ್ಟಿನ ಚಪ್ಪಟೆ ಮುಖ ತೂತಿನ ಗೋಡೆಯನ್ನು ಒತ್ತುವುದಿಲ್ಲ, ಮೂಲೆ ಮಾತ್ರ ಒತ್ತುತ್ತದೆ. ಮೂಲೆ ಒತ್ತಿದರೆ ಉಕ್ಕು ಸವೆಯುವುದಲ್ಲ, ಉಳುಮೆಯಾಗುತ್ತದೆ. ನಿಮ್ಮ ಬೋಲ್ಟ್ ಉರುಟಾದದ್ದು ಹಾಗೆ.


ಕಡಲತೀರದ ಪೆಡಲು, ಮಂಗಳೂರು

ಸೈಕಲ್ ವಿಷಯ ಬಂದದ್ದರಿಂದ ನಾನು ಬಾಯಿ ಹಾಕುತ್ತೇನೆ. ಮೇಷ್ಟರೇ, ಸೈಕಲ್ಲಿಗೆ ಬೇಕಾಗುವುದು ಮುಖ್ಯವಾಗಿ 4, 5, 6. ಹ್ಯಾಂಡಲ್ ಸ್ಟೆಮ್ಮಿನ ಬೋಲ್ಟ್, ನೀರಿನ ಬಾಟಲಿಯ ಬೋಲ್ಟ್, ಸೀಟಿನ ಕ್ಲಾಂಪ್ ಸಾಮಾನ್ಯವಾಗಿ ಎಂ5 (ಬೋಲ್ಟಿನ ವ್ಯಾಸ 5 ಮಿ.ಮೀ.), ಅದಕ್ಕೆ 4ರ ಬಿಟ್. ಬ್ರೇಕ್ ಕ್ಯಾಲಿಪರ್ ಕೂರಿಸುವುದು ಎಂ6, ಅದಕ್ಕೆ 5. ಪೆಡಲಿನ ಹಿಂಬದಿಯಲ್ಲಿ ಆರು ಮೂಲೆಯ ತೂತಿದ್ದರೆ 6 ಅಥವಾ 8. ಪೆಡಲಿಗೆ ಮಾತ್ರ ಮೂರು ನೂಲಿನ ರ‍್ಯಾಚೆಟ್ ಬೇಕು, ಅಲ್ಲಿ ಬಿಗಿತ ಜಾಸ್ತಿ. ಎಡ ಪೆಡಲಿನ ಮರೆ, ಅಂದರೆ ತಿರುಪಿನ ಸುರುಳಿ, ಉಲ್ಟಾ ಎಂಬುದನ್ನು ಮರೆತು ಎಷ್ಟು ಜನ ಇನ್ನಷ್ಟು ಬಿಗಿ ಮಾಡಿಕೊಂಡು ನನ್ನ ಬಳಿ ತಂದಿದ್ದಾರೋ ಲೆಕ್ಕವಿಲ್ಲ.

ಸೀಟಿನ ಕ್ಲಾಂಪಿಗೆ ಬೇಕಾದ ಬಿಗಿತ ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್. ನೀವು ಹಾಕಿದ್ದು ಅದರ ನಾಲ್ಕು ಪಟ್ಟು.

ಡಿಸ್ಕ್ ಬ್ರೇಕಿನ ತಟ್ಟೆಯ ಆರು ಬೋಲ್ಟುಗಳನ್ನು ನೋಡಿ ಅಲೆನ್ ಎಂದುಕೊಳ್ಳಬೇಡಿ. ಅದು ಆರು ಮೂಲೆಯ ತೂತಲ್ಲ, ಆರು ದಳದ ಹೂವು. ಟಾರ್ಕ್ಸ್ ಟಿ25 ಬೇಕು. ಸಂಜೆಯ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನಮ್ಮ ಕಡೆಯ ಶಾಪ ಬೇರೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಫ್ರೇಮಿನೊಳಗೆ ಸ್ಟೀಲ್ ಬೋಲ್ಟ್ ಕಚ್ಚಿಕೊಂಡು ಬಿಡುತ್ತದೆ, ಎರಡು ಲೋಹಗಳ ನಡುವೆ ಬಿಳಿ ಹುಡಿ ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲ ಬೋಲ್ಟ್ ಬಿಚ್ಚಿ ಗ್ರೀಸ್ ಹಚ್ಚಿ ಹಾಕುತ್ತೇನೆ. ತಿಪಟೂರಿನಲ್ಲಿ ಅಷ್ಟು ಕಷ್ಟವಿಲ್ಲ, ಆದರೂ ಬೆವರು ಎಲ್ಲ ಕಡೆಯೂ ಉಪ್ಪೇ.


ಮೂಲೆಮನೆ, ಮೈಸೂರು

ಇಷ್ಟೆಲ್ಲ ಯಾಕೆ? ಎಲ್ ಆಕಾರದ ಒಳ್ಳೆಯ ಅಲೆನ್ ಕೀ ಒಂದು ಗೊಂಚಲು ಸಾಕು. ಉದ್ದನೆಯ ಕಡೆ ಹಿಡಿದರೆ ಬಲ, ಗಿಡ್ಡ ಕಡೆ ಹಿಡಿದರೆ ವೇಗ. ಅದರ ಉದ್ದವನ್ನು ಬಿಟ್ಟಿನ ಗಾತ್ರಕ್ಕೆ ತಕ್ಕಂತೆ ಮಾಡಿಯೇ ಇರುತ್ತಾರೆ, 3ರ ಕೀಯಲ್ಲಿ 6ರ ಬಲ ಹಾಕಲು ಆಗುವುದೇ ಇಲ್ಲ. ಫಿಟ್ಟರ್ ಅವರು ಹೇಳಿದ ತೊಂದರೆಯೇ ಹುಟ್ಟುವುದಿಲ್ಲ. ಬಿಟ್ ಸಾಕೆಟ್ ಸೆಟ್ಟುಗಳು ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳಲು ಮಾತ್ರ ಹೊರಗೆ ಬರುತ್ತವೆ.


ಹಳೆಯ ಫಿಟ್ಟರ್, ಬೆಳಗಾವಿ

ಮೂಲೆಮನೆಯವರು ಹೇಳಿದ್ದರಲ್ಲಿ ಬಲದ ಮಾತು ನೂರಕ್ಕೆ ನೂರು ಸರಿ. ಎಲ್ ಕೀಯ ಉದ್ದದಲ್ಲೇ ಅದರ ಬುದ್ಧಿ ಇದೆ. ಆದರೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಬೇಕಾದಾಗ ಎಲ್ ಕೀ ಏನು ಮಾಡುತ್ತದೆ? ಆಳವಾದ ಗುಂಡಿಯೊಳಗೆ ಇಪ್ಪತ್ತು ಬೋಲ್ಟ್ ಇದ್ದಾಗ? ಎರಡೂ ಇರಲಿ. ಮೊದಲು ಯಾವುದು ಎಂದು ಕೇಳಿದರೆ ಎಲ್ ಕೀ ಮೊದಲು, ಒಪ್ಪಿದೆ.


ಅರಳೆಣೆ, ಸ್ಟುಟ್‌ಗಾರ್ಟ್

ಇಲ್ಲಿ ಜರ್ಮನಿಯಲ್ಲಿ ಅಲೆನ್ ಎಂದರೆ ಅಂಗಡಿಯವರು ಒಂದು ಕ್ಷಣ ಯೋಚಿಸುತ್ತಾರೆ. ಅವರಿಗೆ ಅದು ಇನ್ಬುಸ್. ಬೌವರ್ ಉಂಡ್ ಶೌರ್ಟೆ ಎಂಬ ಕಂಪನಿ 1936ರಲ್ಲಿ ಇಟ್ಟ ಹೆಸರು. "ಒಳಗಿನ ಆರು ಮೂಲೆಯ ತಿರುಪು" ಎಂಬ ಜರ್ಮನ್ ಪದ ಮತ್ತು ಕಂಪನಿಯ ಹೆಸರಿನ ಅಕ್ಷರಗಳನ್ನು ಸೇರಿಸಿ ಹೊಸೆದದ್ದು. ಅಲೆನ್ ಎಂಬ ಹೆಸರು ಅಮೆರಿಕದ ಹಾರ್ಟ್‌ಫರ್ಡ್‌ನ ಅಲೆನ್ ಕಂಪನಿಯದು, ಅದರ ಪೇಟೆಂಟ್ 1910ರದು. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿನಲ್ಲಿ "ಎಲ್.ಎನ್. ಕೀ" ಎಂದು ಎರಡು ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಎಲ್.ಎನ್. ಎಂದರೆ ಲಕ್ಷ್ಮೀನರಸಿಂಹ ಇರಬೇಕು, ಆ ಹೆಸರಿನ ಯಾರೋ ಕಂಡುಹಿಡಿದದ್ದು ಎಂದು ಪಿಯುಸಿವರೆಗೂ ನಂಬಿದ್ದೆ.

ವಿಷಯಕ್ಕೆ ಬರುತ್ತೇನೆ. ಮೇಷ್ಟರ ಮಗಳ ಪ್ರಿಂಟರಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಬಳಿಯೂ ಒಂದಿದೆ. ಅದರಲ್ಲಿ ಬಹುಪಾಲು ಎಂ3 ಬೋಲ್ಟ್, ಅಲ್ಲಲ್ಲಿ ಎಂ4, ಎಂ5. ಇಲ್ಲಿ ಎಚ್ಚರ ಬೇಕಾದದ್ದು ತಲೆಯ ಆಕಾರ. ಸಿಲಿಂಡರಿನಂಥ ಎತ್ತರದ ತಲೆಯ ಎಂ3ಕ್ಕೆ 2.5 ಬೇಕು. ಅದೇ ಎಂ3, ತಲೆ ಗುಂಡಗೆ ಅಣಬೆಯ ಹಾಗಿದ್ದರೆ, ಅಥವಾ ತಲೆ ಹಲಗೆಯೊಳಗೆ ಅಡಗಿ ಕೂರುವ ಜಾತಿಯದಾದರೆ, 2 ಮಾತ್ರ. ಎಂ4ಕ್ಕೆ 3 ಇದ್ದದ್ದು 2.5 ಆಗುತ್ತದೆ, ಎಂ5ಕ್ಕೆ 4 ಇದ್ದದ್ದು 3. ತಲೆಯೇ ಇಲ್ಲದ ಗ್ರಬ್ ಸ್ಕ್ರೂ ಇನ್ನೂ ಚಿಕ್ಕದು: ಎಂ3ಕ್ಕೆ 1.5, ಎಂ4ಕ್ಕೆ 2, ಎಂ5ಕ್ಕೆ 2.5, ಎಂ6ಕ್ಕೆ 3. ನಲ್ಲಿಯ ಹಿಡಿಕೆ, ಬಾಗಿಲ ಹಿಡಿಕೆಗಳಲ್ಲಿ ಇರುವುದು ಈ ತಲೆಯಿಲ್ಲದ ಜಾತಿ.

ಅಣಬೆ ತಲೆಯ ಬೋಲ್ಟುಗಳೇ ನನ್ನ ಪ್ರಕಾರ ಜಗತ್ತಿನಲ್ಲಿ ಅತಿ ಹೆಚ್ಚು ಕೆಡುವ ಬೋಲ್ಟುಗಳು. ಬಿಟ್ ಚಿಕ್ಕದು ಎನ್ನುವುದು ಒಂದು ಕಾರಣ. ತೂತಿನ ಆಳವೂ ಕಡಿಮೆ: ಎತ್ತರ ತಲೆಯ ಎಂ5ರಲ್ಲಿ ಕನಿಷ್ಠ 2.5 ಮಿ.ಮೀ. ಆಳ ಇರಬೇಕು, ಅಣಬೆ ತಲೆಯ ಎಂ5ರಲ್ಲಿ ಒಂದೂವರೆಯ ಆಸುಪಾಸು. ಅದರ ಮೇಲೆ ಸ್ಟೇನ್‌ಲೆಸ್ ಆಗಿದ್ದರೆ ಮುಗಿಯಿತು, ಸ್ಟೇನ್‌ಲೆಸ್ ಬೋಲ್ಟ್ 12.9 ಎಂಬ ಗಟ್ಟಿತನದ ದರ್ಜೆ ಅಚ್ಚೊತ್ತಿದ ಕಪ್ಪು ಬೋಲ್ಟಿಗಿಂತ ಬಹಳ ಮೆದು. ಇಂಥ ಕಡೆ ಹೊಸ, ಮೂಲೆ ಚೂಪಾಗಿರುವ ಬಿಟ್ಟನ್ನೇ ಬಳಸಿ. ಒತ್ತಿ ಹಿಡಿದು ತಿರುಗಿಸಿ.


ಶೆಡ್ಡಿನ ಮೇಷ್ಟರು, ತಿಪಟೂರು

ಲಕ್ಷ್ಮೀನರಸಿಂಹರ ಕಥೆ ಮನೆಯಲ್ಲಿ ಓದಿ ಹೇಳಿದೆ, ಮಗಳು ಇನ್ನೂ ನಗುತ್ತಿದ್ದಾಳೆ. ಅವಳ ಪ್ರಿಂಟರಿನಲ್ಲಿ ಎರಡು ಅಣಬೆ ತಲೆಗಳನ್ನು ಈಗಾಗಲೇ ನಾನೇ ಕೆಡಿಸಿದ್ದೇನೆ ಎಂಬುದೂ ಈಗ ಗೊತ್ತಾಯಿತು. ಅವಳಿಗೂ ಗೊತ್ತಾಯಿತು.

ಉಂಡೆ ತುದಿ ಮತ್ತು ಒಂದೇ ತುಂಡಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.


ಲೇಥಿನ ಮಗ, ಪೀಣ್ಯ

ಉಂಡೆ ತುದಿಯ ಬಗ್ಗೆ: 25-30 ಡಿಗ್ರಿ ಓರೆಯಾಗಿ ಹಿಡಿದರೂ ಬೋಲ್ಟ್ ತಿರುಗುತ್ತದೆ, ಅಡ್ಡಿಯಿರುವ ಕಡೆ ಒಳ್ಳೆಯ ಅನುಕೂಲ. ಆದರೆ ಉಂಡೆ ಮಾಡಲು ಅದರ ಕೆಳಗೆ ಕುತ್ತಿಗೆ ಕೊರೆದಿರುತ್ತಾರೆ. ಬಿಗಿಯಾದ ಬೋಲ್ಟ್ ಬಿಡಿಸಲು ಹೋದರೆ ಕುತ್ತಿಗೆ ಮುರಿದು ಉಂಡೆ ತೂತಿನಲ್ಲೇ ಉಳಿಯುತ್ತದೆ. ಆಮೇಲೆ ಅದನ್ನು ತೆಗೆಯುವವರು ಯಾರು? ಸಡಿಲವಾದ ಬೋಲ್ಟನ್ನು ಓಡಿಸಲು ಮಾತ್ರ ಉಂಡೆ. ಬಿಟ್ ಸಾಕೆಟ್ಟಿನಲ್ಲಿ ಬೇಡವೇ ಬೇಡ, ಎಲ್ ಕೀಯ ಉದ್ದ ತುದಿಯಲ್ಲಿ ಇರಲಿ.

ಒಂದೇ ತುಂಡು ಅಥವಾ ಎರಡು ತುಂಡು: ಇದರಲ್ಲಿ ನನಗೂ ನಮ್ಮ ಅಪ್ಪನಿಗೂ ದಿನಾ ಜಗಳ. ಎರಡು ತುಂಡಿನದರಲ್ಲಿ ಸಾಕೆಟ್ ಸಾಮಾನ್ಯವಾಗಿ ಕ್ರೋಮ್ ವನೇಡಿಯಂ, ಅದರೊಳಗೆ ಎಸ್2 ಉಕ್ಕಿನ ಬಿಟ್ ಒತ್ತಿ ಕೂರಿಸಿರುತ್ತಾರೆ. ಎಸ್2 ಎಂಬುದು ಪೆಟ್ಟು ತಿಂದು ತಾಳಿಕೊಳ್ಳಲೆಂದೇ ಮಾಡಿದ ಉಕ್ಕು, ಹದ ಕೊಟ್ಟ ಮೇಲೆ ಗಡಸುತನ ರಾಕ್‌ವೆಲ್ ಮಾಪಕದಲ್ಲಿ 58-60 ಮುಟ್ಟುತ್ತದೆ. ಸಾಕೆಟ್ಟಿನ ಗೋಡೆ ಅಷ್ಟು ಗಡಸಾದರೆ ಸೀಳುತ್ತದೆ. ಬಿಟ್ಟಿಗೊಂದು ಗುಣ, ಸಾಕೆಟ್ಟಿಗೊಂದು ಗುಣ ಬೇಕು ಎಂಬುದೇ ಎರಡು ತುಂಡಿನ ತರ್ಕ. ಒಂದೇ ತುಂಡಿನದರಲ್ಲಿ ಎರಡಕ್ಕೂ ನಡುವೆ ರಾಜಿ ಮಾಡಿಕೊಂಡ ಹದ ಇರುತ್ತದೆ. ಅಪ್ಪನ ವಾದ ಏನೆಂದರೆ, ಒಂದೇ ತುಂಡು ಎಂದೂ ಕಳಚುವುದಿಲ್ಲ. ಅಗ್ಗದ ಎರಡು ತುಂಡಿನದರಲ್ಲಿ ಬಿಟ್ ಬೋಲ್ಟಿನಲ್ಲಿ ಕಚ್ಚಿಕೊಂಡು ಸಾಕೆಟ್ ಮಾತ್ರ ಕೈಗೆ ಬರುತ್ತದೆ. ಎರಡೂ ನಿಜ.

ನನ್ನ ಮಾತು ಕೇಳುವುದಾದರೆ ಎರಡು ತುಂಡಿನದನ್ನೇ ಕೊಳ್ಳಿ, ಆದರೆ ಬಿಟ್ಟನ್ನು ಅಡ್ಡ ಪಿನ್ನಿನಿಂದಲೋ ಪುಟ್ಟ ಗ್ರಬ್ ಸ್ಕ್ರೂವಿನಿಂದಲೋ ಹಿಡಿದದ್ದಿದ್ದರೆ ಅದು. ಸವೆದರೆ ಬಿಟ್ ಮಾತ್ರ ಬದಲಾಯಿಸಬಹುದು. ಬರೀ ಒತ್ತಿ ಕೂರಿಸಿದ್ದನ್ನು ಅಂಗಡಿಯಲ್ಲೇ ಎಳೆದು, ತಿರುಚಿ ನೋಡಿ.

ಇನ್ನೊಂದು ಲಾಭ ಬಿಟ್ಟಿನ ಉದ್ದದಲ್ಲಿದೆ. ತುದಿ ಉರುಟಾದಾಗ ಗ್ರೈಂಡರಿಗೆ ಹಿಡಿದು ಎರಡು ಮಿ.ಮೀ. ತೆಗೆದರೆ ಮತ್ತೆ ಹೊಸ ಮೂಲೆ. ಆಗಾಗ ನೀರಿನಲ್ಲಿ ಅದ್ದುತ್ತಾ ಮಾಡಬೇಕು. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಎಂದರ್ಥ.


ಕಾಯಿಲೆ ಬಿದ್ದ ಬುಲೆಟ್ಟು, ದಾವಣಗೆರೆ

ನನ್ನದೊಂದು ಅಡ್ಡ ಪ್ರಶ್ನೆ. ಪೆಟ್ಟು ಕೊಡುತ್ತಾ ತಿರುಗಿಸುವ ಬ್ಯಾಟರಿ ಇಂಪ್ಯಾಕ್ಟ್ ಡ್ರೈವರಿಗೆ ಅಡಾಪ್ಟರ್ ಹಾಕಿ ಈ ಬಿಟ್ ಸಾಕೆಟ್ ಓಡಿಸಬಹುದೇ? ಸಮಯ ಉಳಿಯುತ್ತದೆ.


ಲೇಥಿನ ಮಗ, ಪೀಣ್ಯ

ಬೆಳ್ಳಿಯಂತೆ ಹೊಳೆಯುವ ಸಾಕೆಟ್ಟುಗಳನ್ನು ಇಂಪ್ಯಾಕ್ಟ್‌ಗೆ ಹಾಕಬೇಡಿ. ಅದಕ್ಕೆಂದೇ ಕಪ್ಪು ಬಣ್ಣದ, ಕ್ರೋಮ್ ಮಾಲಿಬ್ಡಿನಂ ಸಾಕೆಟ್ಟುಗಳಿವೆ. ಹೊಳೆಯುವುದು ಗಡಸು, ಪೆಟ್ಟಿಗೆ ಸೀಳಿ ಚೂರು ಹಾರುತ್ತದೆ. ಅದೂ ಅಲ್ಲದೆ ಸಾಧಾರಣ ಇಂಪ್ಯಾಕ್ಟ್ ಡ್ರೈವರೇ ನೂರು ನ್ಯೂಟನ್ ಮೀಟರ್ ದಾಟುತ್ತದೆ. 4ರ ಬಿಟ್ಟಿನ ಮಿತಿ 16 ಎಂದು ಫಿಟ್ಟರ್ ಅವರು ಮೇಲೆ ಬರೆದಿದ್ದಾರೆ. ಸಮಯ ಉಳಿಯುತ್ತದೆ ನಿಜ, ಉಳಿದ ಸಮಯವೆಲ್ಲ ಮುರಿದ ಬಿಟ್ ಕೀಳುವುದಕ್ಕೆ ಹೋಗುತ್ತದೆ.


ಎರಡು ನೂಲು, ಸಾಗರ

ಯಾರೂ ಹೇಳದ ಅಗ್ಗದ ದಾರಿ ಒಂದಿದೆ. ಕಾಲಿಂಚಿನ ಚೌಕದಿಂದ ಕಾಲಿಂಚಿನ ಆರು ಮೂಲೆಗೆ ಹೋಗುವ ಬಿಟ್ ಹಿಡಿಕೆ ಸಾಕೆಟ್ ಒಂದು ಕೊಂಡುಕೊಳ್ಳಿ. ಅದಕ್ಕೆ 25 ಮಿ.ಮೀ. ಉದ್ದದ ಬಿಡಿ ಎಸ್2 ಬಿಟ್ಟುಗಳು. ಒಂದು ಸವೆದರೆ ಒಂದನ್ನೇ ಕೊಳ್ಳುವುದು. ಒಳ್ಳೆಯ ಕಂಪನಿಯ 3ರ ಬಿಡಿ ಬಿಟ್ ಕೆಟ್ಟ ಕಂಪನಿಯ 3ರ ಸಾಕೆಟ್ಟಿಗಿಂತ ಅಗ್ಗಕ್ಕೆ ಸಿಗುತ್ತದೆ. ಮರಗೆಲಸದಲ್ಲಿ ನಾನು ಹತ್ತು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ. ಹಲಗೆ ಜೋಡಿಸುವ ಕಾನ್ಫರ್ಮ್ಯಾಟ್ ತಿರುಪುಗಳಿಗೆ 4ರ ಬಿಟ್ ಒಂದು ಡಬ್ಬಿ ಇಟ್ಟಿದ್ದೇನೆ.


ಹಳೆಯ ಫಿಟ್ಟರ್, ಬೆಳಗಾವಿ

ನೂಲಿನವರ ಮಾತು 3ರವರೆಗೆ ಚಿನ್ನ. 5, 6ಕ್ಕೆ ಬಂದಾಗ ಎರಡು ತೊಂದರೆ. ಹಿಡಿಕೆಯ ದಪ್ಪದಿಂದಾಗಿ ಆಳದ ಗುಂಡಿಗೆ ಇಳಿಯುವುದಿಲ್ಲ. ಎರಡನೆಯದು, ಆಟ. ರ‍್ಯಾಚೆಟ್ಟಿನಲ್ಲಿ ಸ್ವಲ್ಪ, ಹಿಡಿಕೆಯಲ್ಲಿ ಸ್ವಲ್ಪ, ಬಿಟ್ಟಿನಲ್ಲಿ ಸ್ವಲ್ಪ. ಮೂರೂ ಸೇರಿ ಬಿಟ್ ಓರೆ ನಿಲ್ಲುತ್ತದೆ. ಓರೆ ನಿಂತ ಬಿಟ್ ಬೋಲ್ಟಿಗೆ ಶತ್ರು.

ಇಂಚಿನ ಬಿಟ್ಟುಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಸೆಟ್ಟುಗಳಲ್ಲಿ ಅರ್ಧ ಅವೇ ತುಂಬಿರುತ್ತವೆ. ಐದರ ಮೂವತ್ತೆರಡನೇ ಭಾಗದ ಇಂಚು 3.97 ಮಿ.ಮೀ., 4ರ ಜಾಗದಲ್ಲಿ ನಡೆಯುತ್ತದೆ. ಐದರ ಹದಿನಾರನೇ ಭಾಗ 7.94, ಅದು 8ರ ಜಾಗದಲ್ಲಿ. ಉಳಿದವುಗಳಲ್ಲಿ ಹೆಚ್ಚಿನವು ಹೊಂದುವುದಿಲ್ಲ. 5ರ ತೂತಿಗೆ 4.76ರದು ಹೋಗುತ್ತದೆ, ಹೋಗುತ್ತದೆ ಎಂಬುದೇ ಅಪಾಯ. ಮನೆಯಲ್ಲಿ ಹಳೆಯ ಇಂಗ್ಲಿಷ್ ಅಥವಾ ಅಮೆರಿಕನ್ ಯಂತ್ರ ಇಲ್ಲದಿದ್ದರೆ ಇಂಚಿನದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. 32 ತುಂಡು ಎಂದು ನಿಮಗೆ ಮಾರಿದ್ದರಲ್ಲಿ ಕೆಲಸಕ್ಕೆ ಬರುವುದು ಏಳೋ ಎಂಟೋ.


ಶೆಡ್ಡಿನ ಮೇಷ್ಟರು, ತಿಪಟೂರು

ಶನಿವಾರ ಬೆಂಗಳೂರಿಗೆ ಹೋಗುವುದಿದೆ. ಎಸ್‌ಜೆಪಿ ರಸ್ತೆಯಲ್ಲಿ ಅಂಗಡಿಗಳನ್ನು ನೋಡುತ್ತೇನೆ. ಅಂಗಡಿಯಲ್ಲಿ ವರ್ನಿಯರ್ ತೆಗೆದು ಅಳೆದರೆ ಬೈಯುತ್ತಾರೆಯೇ?


ಲೇಥಿನ ಮಗ, ಪೀಣ್ಯ

ಬೈಯುವುದಿಲ್ಲ, ಆದರೆ ಇನ್ನೂ ಸುಲಭದ ಉಪಾಯವಿದೆ. ಹೊಸ 12.9 ಬೋಲ್ಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: ಎಂ4, ಎಂ5, ಎಂ6, ಎಂ8. ಕ್ರಮವಾಗಿ 3, 4, 5, 6ರ ತೂತು. ಬಿಟ್ಟನ್ನು ಒಳಗಿಟ್ಟು ಅಲ್ಲಾಡಿಸಿ ನೋಡಿ. ಗಡಿಯಾರದ ಮುಳ್ಳಿನ ಹಾಗೆ ಹಿಂದೆ ಮುಂದೆ ಕಣ್ಣಿಗೆ ಕಾಣುವಷ್ಟು ಹೊರಳಿದರೆ ವಾಪಸ್ ಕೊಡಿ. ಬಿಟ್ಟಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಖ ಸಪಾಟಾಗಿರಬೇಕು, ಮೂಲೆಗಳು ಬೆರಳಿಗೆ ತಾಗಬೇಕು. ದಪ್ಪ ಕ್ರೋಮ್ ಲೇಪನ ಮಾಡಿ ಮೂಲೆಯನ್ನು ದುಂಡಗೆ ಮಾಡಿದ ಬಿಟ್ಟುಗಳಿರುತ್ತವೆ, ಕಣ್ಣಿಗೆ ಚಂದ, ಕೆಲಸಕ್ಕೆ ಬಾರವು. ಎಸ್2 ಬಿಟ್ಟುಗಳಿಗೆ ಸಾಮಾನ್ಯವಾಗಿ ಮಂಕು ಬೂದು ಬಣ್ಣವೇ ಇರುತ್ತದೆ.


ಶೆಡ್ಡಿನ ಮೇಷ್ಟರು, ತಿಪಟೂರು

ಹೋಗಿ ಬಂದೆ. ಮೂರನೆಯ ಅಂಗಡಿಯವರು ನಾನು ಜೇಬಿನಿಂದ ಬೋಲ್ಟ್ ತೆಗೆದ ಕೂಡಲೇ ತೋರಿಸುತ್ತಿದ್ದ ಡಬ್ಬಿಯನ್ನು ಒಳಗಿಟ್ಟು ಬೇರೆ ಡಬ್ಬಿ ತೆಗೆದರು. "ಮೊದಲೇ ಹೇಳಬಾರದಿತ್ತೇ ಸರ್" ಎಂದರು. ಆ ನಾಲ್ಕು ಬೋಲ್ಟುಗಳಿಗೆ ನಾನು ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು.

ಕೊಂಡದ್ದು: ಕಾಲಿಂಚಿನ ಚೌಕದಲ್ಲಿ 4, 5, 6ರ ಬಿಟ್ ಸಾಕೆಟ್, ಅಡ್ಡ ಪಿನ್ ಇರುವ ಎರಡು ತುಂಡಿನದು. ಮೂರು ನೂಲಿನ ಚೌಕದಲ್ಲಿ 8 ಒಂದೇ ಒಂದು, ಪೆಡಲಿಗೆ. ಬಿಟ್ ಹಿಡಿಕೆ ಸಾಕೆಟ್ ಒಂದು, ಅದಕ್ಕೆ 2, 2.5, 3ರ ಬಿಡಿ ಬಿಟ್ಟುಗಳು ಐದೈದು. ಸೀಮೆಸುಣ್ಣ ಕೊಳ್ಳುವ ಹಾಗೆ ಕೊಂಡೆ, ಸವೆಯುವ ವಸ್ತುವೆಂದು ಒಪ್ಪಿಕೊಂಡ ಮೇಲೆ ಮನಸ್ಸಿಗೂ ಹಗುರ. ಗೇಣುದ್ದದ ರ‍್ಯಾಚೆಟ್ ಒಂದು. ಮೂಲೆಮನೆಯವರ ಗೌರವಾರ್ಥ ಎಲ್ ಕೀ ಗೊಂಚಲೂ ಒಂದು. ಎಲ್ಲ ಸೇರಿ ಆ 32 ತುಂಡಿನ ಸೆಟ್ಟಿನ ಎರಡರಷ್ಟು ಬೆಲೆಯಾಯಿತು.

ಅಳೆದೆ ಕೂಡ. 4ರದು 3.97, 5ರದು 4.97.

ಈಗ ಉಳಿದದ್ದು ಆ ಉರುಟಾದ ಕ್ಲಾಂಪ್ ಬೋಲ್ಟ್. ಹೊಸ ಬಿಟ್ ಅದರಲ್ಲಿ ನಿಲ್ಲುವುದಿಲ್ಲ.


ಹಳೆಯ ಫಿಟ್ಟರ್, ಬೆಳಗಾವಿ

ಹೊಸ ಬಿಟ್ಟನ್ನು ಅದರಲ್ಲಿ ಹಾಕಿ ಕೆಡಿಸಬೇಡಿ. ಗೋಣಿಚೀಲ ಹೊಲಿಯುವ ದಬ್ಬಳ ತೆಗೆದುಕೊಂಡು ತೂತಿನ ತಳದ ಮಣ್ಣು, ಒಣ ಗ್ರೀಸ್ ಎಲ್ಲ ಕೆದಕಿ ತೆಗೆಯಿರಿ. ಅರ್ಧ ಬೋಲ್ಟುಗಳು ಕೆಡುವುದು ತಳದಲ್ಲಿ ಕಸ ಕೂತು ಬಿಟ್ ಪೂರ್ತಿ ಇಳಿಯದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿರಿ. ಬೆಳಿಗ್ಗೆ 4ರ ತೂತಿಗಿಂತ ತುಸು ದೊಡ್ಡದಾದ ಟಾರ್ಕ್ಸ್ ಬಿಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಕೂರಿಸಿ. ಅದರ ದಳಗಳು ಗೋಡೆಗೆ ಕಚ್ಚುತ್ತವೆ. ಆಮೇಲೆ ಒತ್ತಿ ತಿರುಗಿಸಿ, ಎಳೆಯಬೇಡಿ. ಬೋಲ್ಟೂ ಹೋಯಿತು, ಟಾರ್ಕ್ಸ್ ಬಿಟ್ಟೂ ಹೋಯಿತು ಎಂದು ಲೆಕ್ಕ ಬರೆದಿಡಿ.


ಕಡಲತೀರದ ಪೆಡಲು, ಮಂಗಳೂರು

ಫಿಟ್ಟರ್ ಅವರ ವಿದ್ಯೆಗೆ ಕೈ ಮುಗಿದೆ. ಆದರೆ ಸೀಟಿನ ಕ್ಲಾಂಪ್ ಫ್ರೇಮಿನ ಭಾಗವಲ್ಲ, ಬೇರೆ ಬಳೆ. ಹ್ಯಾಕ್ಸಾ ಬ್ಲೇಡಿನಿಂದ ಬಳೆಯ ಸೀಳಿನಲ್ಲಿ ಕಾಣುವ ಬೋಲ್ಟನ್ನು ಕತ್ತರಿಸಿ ಬಿಸಾಡಿ, ಹೊಸ ಬಳೆ ಹಾಕಿ. ಸೀಟಿನ ಕೊಳವೆಯ ವ್ಯಾಸ ಅಳೆದುಕೊಂಡು ಹೋಗಿ ಅಷ್ಟೇ.


ಶೆಡ್ಡಿನ ಮೇಷ್ಟರು, ತಿಪಟೂರು

ಬಳೆ ಬೇರೆ ಎಂಬುದು ಹತ್ತು ದಿನದಿಂದ ಅದನ್ನೇ ನೋಡುತ್ತಿದ್ದ ನನಗೆ ಹೊಳೆದಿರಲಿಲ್ಲ! ಹತ್ತು ನಿಮಿಷದಲ್ಲಿ ಕತ್ತರಿಸಿದೆ. ಹೊಸ ಬಳೆಯ ಬೋಲ್ಟಿಗೆ ಗ್ರೀಸ್ ಹಚ್ಚಿ, ಹೊಸ 4ರ ಬಿಟ್, ಗೇಣುದ್ದದ ರ‍್ಯಾಚೆಟ್ಟನ್ನು ತಲೆಯ ಹತ್ತಿರ ಹಿಡಿದು ಬಿಗಿ ಮಾಡಿದೆ. ಸೀಟು ನಿಂತಿದೆ.

ಕೊನೆಯದೊಂದು. ಬಾಗಿಲ ಹಿಡಿಕೆಯ ಗ್ರಬ್ ಸ್ಕ್ರೂ 1.5ರದು. ಆ ಗಾತ್ರದ ಬಿಟ್ ಸಾಕೆಟ್ ಎಲ್ಲಿಯೂ ಸಿಗಲಿಲ್ಲ.


ಅರಳೆಣೆ, ಸ್ಟುಟ್‌ಗಾರ್ಟ್

ಸಿಕ್ಕರೂ ಕೊಳ್ಳಬೇಡಿ. 1.5ಕ್ಕೆ ರ‍್ಯಾಚೆಟ್ ಹಾಕುವುದೆಂದರೆ ಇರುವೆಗೆ ನೊಗ ಕಟ್ಟಿದ ಹಾಗೆ. ಸ್ಕ್ರೂಡ್ರೈವರಿನಂಥ ನೇರ ಹಿಡಿಕೆ ಇರುವ 1.5 ಸಿಗುತ್ತದೆ, ಎರಡೇ ಬೆರಳಲ್ಲಿ ತಿರುಗಿಸಬೇಕು. ಬಿಡದಿದ್ದರೆ ಬೆಸುಗೆ ಹಾಕುವ ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಸ್ಕ್ರೂವಿಗೆ ಒಂದೆರಡು ನಿಮಿಷ ತಾಗಿಸಿ ಹಿಡಿಯಿರಿ. ಮರೆಗೆ ಅಂಟು ಹಾಕಿದ್ದರೆ ಬಿಸಿಗೆ ಮೆತ್ತಗಾಗುತ್ತದೆ. ಹಿಡಿಕೆ ಪ್ಲಾಸ್ಟಿಕ್ ಅಲ್ಲ ತಾನೇ?


ಶೆಡ್ಡಿನ ಮೇಷ್ಟರು, ತಿಪಟೂರು

ಹಿತ್ತಾಳೆ. ಸೋಲ್ಡರಿಂಗ್ ಕಬ್ಬಿಣ ಮಗಳದು, ಕೇಳಿದೆ. ಹಿಡಿಕೆಯನ್ನು ಅವಳೇ ಬಿಚ್ಚುತ್ತಾಳಂತೆ, ನನಗೆ ಅದನ್ನು ಮುಟ್ಟಬೇಡಿ ಎಂದಿದ್ದಾಳೆ.